‘ಅಭಿಪ್ರಾಯ’ ಶಬ್ದದ ಅರ್ಥ ಮತ್ತು ಪ್ರಯೋಗ: ಶಾಸ್ತ್ರ ಹಾಗೂ ಗ್ರಂಥಸಂಪಾದನೆಯ ದೃಷ್ಟಿಯಿಂದ ಒಂದು ವಿಮರ್ಶೆ

1

ಹಸ್ತಪ್ರತಿಗಳ ಆಧಾರದಿಂದ ಸಿದ್ಧವಾದ ಯಾವುದಾದರೊಂದು ಜೈನಗ್ರಂಥದ ಪ್ರಸ್ತಾವನೆಯನ್ನು ತೆರೆದು ನೋಡಿದರೆ ‘ಅಭಿಪ್ರಾಯ’ ಎಂಬ ಶಬ್ದ ಮತ್ತೆ ಮತ್ತೆ ಎದುರಾಗುತ್ತದೆ. ಇದು ಸೂತ್ರಕಾರರ ಅಭಿಪ್ರಾಯ; ಇದು ವೃತ್ತಿಕಾರರ ಅಭಿಪ್ರಾಯ; ಹಿಂದಿನ ಸಂಪಾದಕರ ಅಭಿಪ್ರಾಯ ಬೇರೆ; ಈ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ; ನಮ್ಮ ಅಭಿಪ್ರಾಯದಂತೆ ಇಲ್ಲಿ ಇಂಥ ಪಾಠವಿರಬೇಕು. ಒಂದೇ ಪುಟದಲ್ಲಿ ಒಂದೇ ಶಬ್ದ ಗ್ರಂಥಕರ್ತನ ಉದ್ದೇಶವನ್ನೂ, ಟೀಕಾಕಾರನ ನಿರ್ಣಯವನ್ನೂ, ಗುರುಪರಂಪರೆಯಿಂದ ಬಂದ ಉಪದೇಶವನ್ನೂ, ಸಂಪಾದಕನ ಊಹೆಯನ್ನೂ ಹೇಳುತ್ತದೆ. ಆಡುಮಾತಿನಲ್ಲಿ ಇದರಿಂದ ಹೆಚ್ಚಿನ ಬಾಧಕವಿಲ್ಲ. ಆದರೆ ಶಾಸ್ತ್ರಗ್ರಂಥದ ಪಾಠವನ್ನು ನಿರ್ಣಯಿಸುವ ಕಾರ್ಯದಲ್ಲಿ ಇದು ಸಣ್ಣ ಸಂಗತಿಯಲ್ಲ. ಉದ್ದೇಶ, ಉಪದೇಶ, ನಿರ್ಣಯ, ಊಹೆ ಇವು ನಾಲ್ಕೂ ಪ್ರಾಮಾಣ್ಯದಲ್ಲಿ ಸಮವಲ್ಲ. ಸಮವಲ್ಲದ ವಸ್ತುಗಳಿಗೆ ಒಂದೇ ಹೆಸರು ಕೊಟ್ಟರೆ, ಕಾಲಕ್ರಮದಲ್ಲಿ ಅವು ಸಮವೆಂದೇ ತೋರತೊಡಗುತ್ತವೆ.

ಈ ಲೇಖನದಲ್ಲಿ ‘ಅಭಿಪ್ರಾಯ’ ಮತ್ತು ಅದರ ಜೊತೆಗಾರ ಶಬ್ದಗಳಾದ ಮತಿ, ಮತ, ಅನುಮತ, ಬಹುಮತ, ಉಪದೇಶಗಳ ಅರ್ಥವನ್ನು ಜೈನ ವಾಙ್ಮಯದ ಕೆಲವು ಪ್ರಸಿದ್ಧ ಸ್ಥಳಗಳಲ್ಲಿ ಪರೀಕ್ಷಿಸಲಾಗಿದೆ. ಪ್ರತಿಪಾದ್ಯ ಇಷ್ಟೆ: ನಮ್ಮ ಆಚಾರ್ಯರು ಅಭಿಪ್ರಾಯವನ್ನು ನಿರಾಕರಿಸಿದವರಲ್ಲ, ಆದರೆ ಅದು ಯಾವ ದಾರಿಯಿಂದ ಬಂತು, ಅದನ್ನು ಎಲ್ಲಿ ಇರಿಸಬೇಕು ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಅದಕ್ಕೆ ಮನ್ನಣೆ ಕೊಟ್ಟವರೂ ಅಲ್ಲ. ಈ ವಿವೇಕ ಇಂದಿನ ನಯವ್ಯಾಖ್ಯಾನದಲ್ಲಿಯೂ ಗ್ರಂಥಸಂಪಾದನೆಯಲ್ಲಿಯೂ ಸಡಿಲವಾಗುತ್ತಿದೆ.

2

ಶಬ್ದವ್ಯುತ್ಪತ್ತಿಯನ್ನು ಮೊದಲು ನೋಡಬಹುದು. ‘ಅಭಿ’ ಮತ್ತು ‘ಪ್ರ’ ಉಪಸರ್ಗಗಳೊಡನೆ ‘ಇ’ ಧಾತುವಿನಿಂದ ಅಭಿಪ್ರಾಯ ಶಬ್ದ ನಿಷ್ಪನ್ನವಾಗಿದೆ. ಒಂದರ ಕಡೆಗೆ ಮುಂದುವರಿದು ಹೋಗುವುದು ಇದರ ಮೂಲಾರ್ಥ. ಮನಸ್ಸು ಯಾವುದರ ಕಡೆಗೆ ಸಾಗಿದೆಯೋ ಅದು ಅಭಿಪ್ರಾಯ. ಎಂದರೆ ಉದ್ದೇಶ, ಆಶಯ, ವಿವಕ್ಷೆ. ಸಂಸ್ಕೃತ ಟೀಕೆಗಳಲ್ಲಿ ವಾಕ್ಯಾಂತ್ಯಕ್ಕೆ ಬರುವ ‘ಇತ್ಯಭಿಪ್ರಾಯಃ’ ಎಂಬುದರ ಅರ್ಥ ಟೀಕಾಕಾರನಿಗೆ ಹೀಗೆ ತೋರುತ್ತದೆ ಎಂದಲ್ಲ. ಮೂಲಕಾರನ ಮಾತು ಸಾಗುತ್ತಿರುವುದು ಈ ಕಡೆಗೆ ಎಂದು. ಅಲ್ಲಿ ಅಭಿಪ್ರಾಯದ ಒಡೆಯನು ಮೂಲಕಾರ; ಟೀಕಾಕಾರ ಅದನ್ನು ಹಿಂಬಾಲಿಸುವವನು. ಇಂದಿನ ಕನ್ನಡದಲ್ಲಿ ‘ನನ್ನ ಅಭಿಪ್ರಾಯ’ ಎಂದರೆ ನಾನು ತಳೆದ ನಿಲುವು. ಇಂಗ್ಲಿಷಿನ ‘ಒಪೀನಿಯನ್’ ಶಬ್ದಕ್ಕೆ ಸಮಾನಪದವಾಗಿ ನಿಂತ ಮೇಲೆ ಈ ಎರಡನೆಯ ಅರ್ಥವೇ ಮುಂದಾಗಿ, ಮೊದಲನೆಯದು ಹಿಂದೆ ಸರಿದಿದೆ. ಎರಡೂ ಅರ್ಥಗಳು ಸಂಸ್ಕೃತ ನಿಘಂಟುಗಳಲ್ಲಿ ಇವೆಯೆಂಬುದು ನಿಜ. ಆದರೆ ಹಳೆಯ ಟೀಕೆಯನ್ನು ಓದುವಾಗ ಹೊಸ ಅರ್ಥವನ್ನು ಹೊರಿಸಿದರೆ ವ್ಯಾಖ್ಯಾನದ ಭಾರ ಮೂಲಕಾರನಿಂದ ಟೀಕಾಕಾರನಿಗೆ ವರ್ಗವಾಗುತ್ತದೆ.

‘ಮತ’ ಶಬ್ದದ ಇತಿಹಾಸ ಇನ್ನೂ ವಿಚಿತ್ರವಾದುದು. ‘ಮನ್’ ಧಾತುವಿನ ಭೂತಕೃದಂತವಾದ ಇದು ‘ಎಣಿಸಿದ್ದು’, ‘ಒಪ್ಪಿದ್ದು’ ಎಂಬ ಅರ್ಥದಿಂದ ಹೊರಟು, ಒಬ್ಬ ಆಚಾರ್ಯನ ಸಿದ್ಧಾಂತವಾಗಿ, ಒಂದು ಸಂಪ್ರದಾಯವಾಗಿ, ಧರ್ಮವೆಂಬ ಅರ್ಥಕ್ಕೂ ಬಂದು, ಕೊನೆಗೆ ಚುನಾವಣೆಯ ಪೆಟ್ಟಿಗೆಯವರೆಗೆ ಬಂದಿದೆ. ಹಿಂದೆ ಕನ್ನಡ ನಾಡಿನಲ್ಲಿ ಇದೇ ಅರ್ಥಕ್ಕೆ ‘ಸಮಯ’, ‘ದರ್ಶನ’ ಎಂಬ ಶಬ್ದಗಳೂ ಬಳಕೆಯಲ್ಲಿದ್ದವು. ಬ್ರಹ್ಮಶಿವನು ತನ್ನ ಕೃತಿಗೆ ಇಟ್ಟ ಹೆಸರು ‘ಸಮಯಪರೀಕ್ಷೆ’. 1368ರಲ್ಲಿ ಜೈನರಿಗೂ ವೈಷ್ಣವರಿಗೂ ಉಂಟಾದ ವಿವಾದವನ್ನು ಬುಕ್ಕರಾಯನು ತೀರಿಸಿದ ಸಂಗತಿಯನ್ನು ಹೇಳುವ ಶ್ರವಣಬೆಳಗೊಳದ ಶಾಸನದಲ್ಲಿ ಬಂದಿರುವುದು ‘ದರ್ಶನ’ ಶಬ್ದ. ಸಮಯವನ್ನು ಪರೀಕ್ಷಿಸಬಹುದು, ದರ್ಶನವನ್ನು ಆಚರಿಸಬಹುದು. ಎರಡೂ ವ್ಯಕ್ತಿಯ ರುಚಿಗೆ ಬಿಟ್ಟ ವಿಷಯಗಳಲ್ಲ.

ಇಲ್ಲಿಯೇ ವೈಯಾಕರಣರ ಪದ್ಧತಿಯೊಂದನ್ನು ಸ್ಮರಿಸಬಹುದು. ಪೂಜ್ಯಪಾದರು ಜೈನೇಂದ್ರ ವ್ಯಾಕರಣದಲ್ಲಿ ಸಮಂತಭದ್ರ, ಸಿದ್ಧಸೇನ, ಭೂತಬಲಿ, ಶ್ರೀದತ್ತ, ಯಶೋಭದ್ರ, ಪ್ರಭಾಚಂದ್ರ ಎಂಬ ಆರು ಆಚಾರ್ಯರ ಮತಗಳನ್ನು ಉಲ್ಲೇಖಿಸಿದ್ದಾರೆ. ಅಲ್ಲಿ ಮತ, ಅಭಿಪ್ರಾಯ ಎಂಬ ಯಾವ ಶಬ್ದವೂ ಬೇಕಾಗಿಲ್ಲ. ಆಚಾರ್ಯನ ಹೆಸರಿಗೆ ಷಷ್ಠೀ ವಿಭಕ್ತಿ ಹಚ್ಚಿದರೆ ಸಾಕು. ಈ ವಿಧಿ ಇಂಥವರದು ಎಂದಷ್ಟೇ ಅರ್ಥ. ಸೂತ್ರದ ಲಾಘವ ಇದಕ್ಕೆ ಕಾರಣವೆನ್ನಬಹುದು. ಆದರೆ ಅದರಿಂದ ಒಂದು ಶಿಸ್ತೂ ಉಂಟಾಗಿದೆ: ಒಡೆಯನ ಹೆಸರಿಲ್ಲದ ಮತಕ್ಕೆ ಅಲ್ಲಿ ಎಡೆಯಿಲ್ಲ. ‘ಕೆಲವರ ಅಭಿಪ್ರಾಯ’ ಎಂದು ಬರೆದು ಮುಂದೆ ಸಾಗುವ ನಮ್ಮ ಪ್ರಸ್ತಾವನೆಗಳು ಈ ಶಿಸ್ತನ್ನು ಗಮನಿಸುವುದು ಒಳ್ಳೆಯದು.

3

ಜೈನದರ್ಶನದಲ್ಲಿ ಅಭಿಪ್ರಾಯ ಶಬ್ದಕ್ಕೆ ಲಕ್ಷಣವಾಕ್ಯದಲ್ಲಿಯೇ ಸ್ಥಾನ ದೊರೆತಿದೆ. ಅಕಲಂಕದೇವರು ಲಘೀಯಸ್ತ್ರಯದಲ್ಲಿ ನಯವನ್ನು ಜ್ಞಾತೃವಿನ ಅಭಿಪ್ರಾಯವೆಂದು ನಿರೂಪಿಸಿದ್ದಾರೆ. ಈ ಮಾತು ಅತ್ಯಂತ ಪ್ರಸಿದ್ಧವಾದುದು; ಪ್ರಸಿದ್ಧಿಯಿಂದಲೇ ಕೆಡಬಹುದಾದುದು. ಇದನ್ನು ಇಂದಿನ ಕನ್ನಡಕ್ಕೆ ಹಾಗೆಯೇ ಇಳಿಸಿದರೆ ‘ನಯವೆಂದರೆ ಒಬ್ಬೊಬ್ಬನ ಅಭಿಪ್ರಾಯ’ ಎಂದಾಗುತ್ತದೆ. ಅಲ್ಲಿಂದ ‘ಎಲ್ಲರ ಅಭಿಪ್ರಾಯವೂ ಒಂದು ದೃಷ್ಟಿಯಿಂದ ಸರಿ’ ಎಂಬಲ್ಲಿಗೆ, ಅಲ್ಲಿಂದ ‘ಅನೇಕಾಂತವೆಂದರೆ ಇದೇ’ ಎಂಬಲ್ಲಿಗೆ ಹೋಗಲು ಎರಡೇ ಹೆಜ್ಜೆ. ಉಪನ್ಯಾಸಗಳಲ್ಲಿಯೂ ಜನಪ್ರಿಯ ಪುಸ್ತಕಗಳಲ್ಲಿಯೂ ಈ ಎರಡು ಹೆಜ್ಜೆಗಳನ್ನು ಇಡುವುದು ಈಗ ರೂಢಿಯಾಗಿದೆ.

ಅಕಲಂಕರ ವಾಕ್ಯ ಅಲ್ಲಿಗೇ ನಿಲ್ಲುವುದಿಲ್ಲ ಎಂಬುದನ್ನು ಮರೆಯಬಾರದು. ಯುಕ್ತಿಯಿಂದ ಅರ್ಥವನ್ನು ಪರಿಗ್ರಹಿಸುವುದು ಎಂಬ ಮಾತೂ ಆ ಕಾರಿಕೆಯಲ್ಲಿಯೇ ಇದೆ. ಅಲ್ಲದೆ ಅಭಿಪ್ರಾಯವನ್ನು ಅವರು ‘ಜ್ಞಾತೃ’ವಿಗೆ ಸಲ್ಲಿಸಿದ್ದಾರೆ, ಬರಿಯ ವಕ್ತೃವಿಗಲ್ಲ. ವಸ್ತುವನ್ನು ಪ್ರಮಾಣದಿಂದ ಅರಿತವನು, ಅದರ ಅನಂತ ಧರ್ಮಗಳಲ್ಲಿ ಒಂದನ್ನು ಉದ್ದೇಶಪೂರ್ವಕವಾಗಿ ಮುಂದಿಟ್ಟು, ಉಳಿದವನ್ನು ನಿರಾಕರಿಸದೆ ಗೌಣವಾಗಿಸುತ್ತಾನೆ. ಆ ಮುಂದಿಡುವಿಕೆಯೇ ಇಲ್ಲಿ ಅಭಿಪ್ರಾಯ. ಆದ್ದರಿಂದ ಮೂಲಾರ್ಥದ ‘ಕಡೆಗೆ ಸಾಗುವುದು’ ಎಂಬುದು ಇಲ್ಲಿ ಸಂಪೂರ್ಣವಾಗಿ ಹೊಂದುತ್ತದೆ. ಹೊಸ ಅರ್ಥದ ‘ನನಗೆ ಹೀಗನಿಸುತ್ತದೆ’ ಎಂಬುದು ಹೊಂದುವುದಿಲ್ಲ.

ಇದಕ್ಕೆ ಸರ್ವಾರ್ಥಸಿದ್ಧಿಯ ನೈಗಮನಯದ ದೃಷ್ಟಾಂತ ಒಳ್ಳೆಯ ಸಮರ್ಥನೆ. ಕೊಡಲಿ ಹಿಡಿದು ಹೊರಟವನನ್ನು ಎಲ್ಲಿಗೆ ಹೋಗುತ್ತೀಯೆ ಎಂದು ಕೇಳಿದರೆ, ಪ್ರಸ್ಥವನ್ನು ತರಲು ಎನ್ನುತ್ತಾನೆ. ಪ್ರಸ್ಥವೆಂಬ ಅಳತೆಯ ಪಾತ್ರೆ ಆಗ ಎಲ್ಲಿಯೂ ಇಲ್ಲ. ಇರುವುದು ಕಾಡಿನ ಮರ, ಕೈಯ ಕೊಡಲಿ, ಮನಸ್ಸಿನ ಸಂಕಲ್ಪ. ಹಾಗೆಯೇ ಸೌದೆ ನೀರುಗಳನ್ನು ಒದಗಿಸುತ್ತಿರುವವನು ಅನ್ನ ಮಾಡುತ್ತಿದ್ದೇನೆ ಎನ್ನುತ್ತಾನೆ. ಇನ್ನೂ ಸಿದ್ಧವಾಗದ ಅರ್ಥದ ಸಂಕಲ್ಪಮಾತ್ರವನ್ನು ಹಿಡಿಯುವುದರಿಂದ ಇದು ನೈಗಮ. ಕೊಡಲಿಯವನ ಮಾತು ಅವನ ‘ಒಪೀನಿಯನ್’ ಅಲ್ಲ. ಅವನ ನಡಿಗೆ ಸಾಗಿರುವ ಗುರಿ. ಅದನ್ನು ಸರಿ ಅಥವಾ ತಪ್ಪು ಎನ್ನಲು ಆ ಮರದಿಂದ ಪ್ರಸ್ಥ ಆಗಬಲ್ಲುದೇ ಎಂಬ ವಸ್ತುಸ್ಥಿತಿಯನ್ನು ನೋಡಬೇಕು. ಸಂಕಲ್ಪಕ್ಕೂ ವಸ್ತುವಿಗೂ ಇರುವ ಈ ಸಂಬಂಧ ಕಡಿದುಹೋದರೆ ನಯ ಉಳಿಯದು, ನಯಾಭಾಸ ಉಳಿಯುತ್ತದೆ. ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ನಿರಪೇಕ್ಷ ನಯಗಳು ಮಿಥ್ಯೆಯೆಂದೂ ಸಾಪೇಕ್ಷ ನಯಗಳೇ ವಸ್ತುವೆಂದೂ ಹೇಳಿರುವುದರ ತಾತ್ಪರ್ಯವೂ ಇದೇ.

ಸಿದ್ಧಸೇನರು ಸನ್ಮತಿಯಲ್ಲಿ ಎಷ್ಟು ವಚನಮಾರ್ಗಗಳೋ ಅಷ್ಟು ನಯವಾದಗಳು, ಎಷ್ಟು ನಯವಾದಗಳೋ ಅಷ್ಟು ಪರಸಮಯಗಳು ಎಂಬರ್ಥದ ಮಾತನ್ನು ಹೇಳಿದ್ದಾರಲ್ಲ ಎಂದು ಆಕ್ಷೇಪ ಬರಬಹುದು. ಆದರೆ ಆ ಮಾತಿನಲ್ಲಿ ಪ್ರಶಂಸೆಗಿಂತ ಎಚ್ಚರಿಕೆ ಹೆಚ್ಚಾಗಿದೆ. ಒಂದೊಂದು ನಯವೂ ತನ್ನಷ್ಟಕ್ಕೆ ತಾನು ನಿಂತರೆ ಪರಸಮಯವಾಗುತ್ತದೆ ಎಂಬುದು ಅದರ ಹುರುಳು. ಎಲ್ಲ ಪರಸಮಯಗಳೂ ಸರಿಯೆಂದು ಅದು ಹೇಳುವುದಿಲ್ಲ.

ಕುರುಡರು ಆನೆಯನ್ನು ಮುಟ್ಟಿದ ಕಥೆಯ ಪಾಡೂ ಇದೇ. ಇಂದು ಈ ಕಥೆಯನ್ನು ಅನೇಕಾಂತದ ಸಂಕೇತವೆಂದೇ ಹೇಳಲಾಗುತ್ತದೆ: ಕಂಬವೆಂದವನೂ ಸರಿ, ಮೊರವೆಂದವನೂ ಸರಿ, ಅವರವರ ಅಭಿಪ್ರಾಯ ಅವರವರಿಗೆ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದ ಆರಂಭದಲ್ಲಿಯೇ ಈ ದೃಷ್ಟಾಂತವನ್ನು ಎತ್ತಿದ್ದಾರೆ. ಆದರೆ ಅಲ್ಲಿ ಅನೇಕಾಂತವು ಜಾತ್ಯಂಧರ ಆನೆಯ ವಿಧಾನವನ್ನು ನಿಷೇಧಿಸುವಂಥದು! ಕುರುಡರ ವಾದಗಳ ಮೊತ್ತ ಅನೇಕಾಂತವಲ್ಲ. ಆ ವಾದಗಳನ್ನು ತಡೆಯುವುದು ಅನೇಕಾಂತ. ಆನೆ ಕಂಬವಲ್ಲ, ಆನೆಯ ಕಾಲು ಕಂಬದಂತಿದೆ ಎಂಬಷ್ಟಕ್ಕೆ ನಿಂತರೆ ನಯ, ಆನೆಯೇ ಕಂಬವೆಂದರೆ ದುರ್ನಯ. ಈ ಅಂತರವನ್ನು ಅಳಿಸಿ ‘ಅಭಿಪ್ರಾಯಗಳ ಸಹಬಾಳ್ವೆ’ ಎಂಬ ಹೆಸರಿನಿಂದ ಅನೇಕಾಂತವನ್ನು ಪ್ರಚಾರಮಾಡುವವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಶತಮಾನಗಳ ನ್ಯಾಯಗ್ರಂಥಗಳು ಪರಿಶ್ರಮದಿಂದ ಕಟ್ಟಿದ ಸಿದ್ಧಾಂತವನ್ನು ಅವರು ಸೌಜನ್ಯದ ಮಟ್ಟಕ್ಕೆ ಇಳಿಸುತ್ತಾರೆ. ಸೌಜನ್ಯ ದೊಡ್ಡ ಗುಣ. ಪ್ರಮಾಣಶಾಸ್ತ್ರ ಅದಕ್ಕಿಂತ ಬೇರೆಯಾದ ವಿಷಯ.

4

ಅಭಿಪ್ರಾಯ ಸರಿಯಾಗಿದ್ದ ಮಾತ್ರಕ್ಕೆ ಅದು ಜ್ಞಾನವಾಗುತ್ತದೆಯೇ? ತತ್ತ್ವಾರ್ಥಸೂತ್ರದ ಪ್ರಥಮಾಧ್ಯಾಯ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದೆ. ಮತಿ, ಶ್ರುತ, ಅವಧಿ, ಮನಃಪರ್ಯಯ, ಕೇವಲ ಎಂಬ ಐದು ಜ್ಞಾನಗಳನ್ನು ಹೇಳಿದ ಮೇಲೆ, ಮೊದಲ ಮೂರು ವಿಪರ್ಯಯವೂ ಆಗಬಹುದೆಂದು ಸೂತ್ರಕಾರರು ತಿಳಿಸುತ್ತಾರೆ. ಇದಕ್ಕೆ ಕಾರಣ, ಸತ್ತು ಅಸತ್ತುಗಳ ಭೇದವಿಲ್ಲದೆ ಯದೃಚ್ಛೆಯಿಂದ ಉಂಟಾಗುವ ಉಪಲಬ್ಧಿ. ಉನ್ಮತ್ತನ ಅರಿವು ಇದಕ್ಕೆ ಉಪಮಾನ.

ಪೂಜ್ಯಪಾದರ ವ್ಯಾಖ್ಯಾನ ಇಲ್ಲಿ ಬಹಳ ಸೂಕ್ಷ್ಮವಾಗಿದೆ. ಪಿತ್ತೋದ್ರೇಕದಿಂದ ಬುದ್ಧಿ ಕೆಟ್ಟವನು ತಾಯಿಯನ್ನು ಹೆಂಡತಿಯೆಂದೂ ಹೆಂಡತಿಯನ್ನು ತಾಯಿಯೆಂದೂ ತಿಳಿಯುತ್ತಾನೆ. ಕೆಲವೊಮ್ಮೆ ಯದೃಚ್ಛೆಯಿಂದ ತಾಯಿಯನ್ನು ತಾಯಿಯೆಂದೇ ತಿಳಿಯುವುದೂ ಉಂಟು. ಆಗಲೂ ಅದು ಸಮ್ಯಗ್ಜ್ಞಾನವಲ್ಲ. ಅಲ್ಲಿ ಬಂದಿರುವ ಕ್ರಿಯಾಪದ ‘ಮನ್ಯತೇ’, ಮತ ಶಬ್ದಕ್ಕೆ ಮೂಲವಾದ ಧಾತುವಿನದೇ. ಫಲದಲ್ಲಿ ಸರಿಯಾದರೂ ಮಾರ್ಗದಲ್ಲಿ ನೆಲೆಯಿಲ್ಲದ ಎಣಿಕೆ ಜ್ಞಾನವೆನಿಸದು ಎಂಬುದು ಇದರಿಂದ ಸಿದ್ಧವಾಗುತ್ತದೆ.

ಗ್ರಂಥಸಂಪಾದಕನಿಗೆ ಇದಕ್ಕಿಂತ ಹತ್ತಿರವಾದ ಉಪದೇಶ ಇನ್ನೊಂದಿಲ್ಲ. ಓಲೆಯ ಅಂಚು ಮುರಿದು ಎರಡಕ್ಷರ ಹೋಗಿದೆ. ಸಂಪಾದಕ ಒಂದು ಪದವನ್ನು ಊಹಿಸಿ ತುಂಬುತ್ತಾನೆ. ಮುಂದೆ ಬೇರೊಂದು ಪ್ರತಿ ದೊರೆತು ಅದೇ ಪದ ಅಲ್ಲಿ ಕಂಡರೆ ಅವನ ಕೀರ್ತಿ ಹೆಚ್ಚಬಹುದು. ಆದರೆ ಛಂದಸ್ಸು, ಪ್ರಕರಣ, ಗ್ರಂಥಕರ್ತನ ಪ್ರಯೋಗಶೈಲಿ, ಲಿಪಿಯಲ್ಲಿ ಅಕ್ಷರಗಳು ಒಂದಕ್ಕೊಂದು ಬೆರೆಯುವ ರೀತಿ ಇವುಗಳಿಂದ ಆ ಊಹೆ ಹುಟ್ಟಿರದಿದ್ದರೆ, ಉನ್ಮತ್ತನು ತಾಯಿಯನ್ನು ತಾಯಿಯೆಂದಂತೆಯೇ ಅದು.

5

ಭಿನ್ನಾಭಿಪ್ರಾಯ ಬಂದಲ್ಲಿ ಏನು ಮಾಡಬೇಕು ಎಂಬುದಕ್ಕೆ ವೀರಸೇನಾಚಾರ್ಯರ ಧವಲಾಟೀಕೆ ಆದರ್ಶಪ್ರಾಯವಾಗಿದೆ. ಹೀರಾಲಾಲ ಜೈನರ ಗಣನೆಯಂತೆ ಕ್ರಿ.ಶ. 816ರಲ್ಲಿ ಮುಗಿದ ಈ ಮಹಾಟೀಕೆಯಲ್ಲಿ ಆಚಾರ್ಯರಲ್ಲಿ ಪರಸ್ಪರ ವಿರೋಧವುಳ್ಳ ಹೇಳಿಕೆಗಳು ಅನೇಕ ಕಡೆ ಚರ್ಚೆಗೆ ಬಂದಿವೆ. ವೀರಸೇನರು ಅವನ್ನು ಸಾಮಾನ್ಯವಾಗಿ ‘ಉಪದೇಶ’ಗಳೆಂದು ಕರೆಯುತ್ತಾರೆ, ಕೆಲವೆಡೆ ದಕ್ಷಿಣಪ್ರತಿಪತ್ತಿ, ಉತ್ತರಪ್ರತಿಪತ್ತಿ ಎಂದು ವಿಂಗಡಿಸಿ, ಆಚಾರ್ಯಪರಂಪರೆಯಿಂದ ಬಂದ ಋಜುವಾದ ಪಕ್ಷ ಯಾವುದೆಂಬುದನ್ನು ಸೂಚಿಸುತ್ತಾರೆ. ಉಪದೇಶವೆಂದರೆ ಗುರುಮುಖದಿಂದ ಇಳಿದು ಬಂದುದು. ಅದನ್ನು ಹೇಳುವವನು ಅದರ ಕರ್ತನಲ್ಲ, ವಾಹಕ.

ಅನಿವೃತ್ತಿಕರಣ ಗುಣಸ್ಥಾನದಲ್ಲಿ ಹದಿನಾರು ಕರ್ಮಪ್ರಕೃತಿಗಳ ಕ್ಷಯ ಮೊದಲೋ, ಎಂಟು ಕಷಾಯಗಳ ಕ್ಷಯ ಮೊದಲೋ ಎಂಬ ಪ್ರಶ್ನೆ ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಸತ್ಕರ್ಮಪ್ರಾಭೃತದ ಉಪದೇಶ ಒಂದು. ಕಷಾಯಪ್ರಾಭೃತದ ಉಪದೇಶ ಅದಕ್ಕೆ ವಿಪರೀತ. ಎರಡೂ ಏಕಕಾಲದಲ್ಲಿ ಸತ್ಯವಾಗಿರಲಾರವು ಎಂಬುದನ್ನು ವೀರಸೇನರು ಒಪ್ಪುತ್ತಾರೆ. ಎರಡರಲ್ಲಿ ಯಾವುದು ಸತ್ಯವೆಂಬುದನ್ನು ಕೇವಲಿಯೋ ಶ್ರುತಕೇವಲಿಯೋ ಹೇಳಬೇಕು. ಅಂಥವರು ಈಗ ಇಲ್ಲ. ಆದ್ದರಿಂದ ಪಾಪಭೀರುಗಳಾದ ಆಚಾರ್ಯರು ಎರಡನ್ನೂ ಸಂಗ್ರಹಿಸಿಡಬೇಕು ಎಂದು ಅವರು ತೀರ್ಮಾನಿಸುತ್ತಾರೆ.

ಈ ತೀರ್ಮಾನವನ್ನು ಸರಿಯಾಗಿ ಗ್ರಹಿಸಬೇಕು. ಎರಡೂ ಸರಿ ಎಂದು ವೀರಸೇನರು ಹೇಳಲಿಲ್ಲ. ಹಾಗೆ ಹೇಳುವುದು ಇಂದಿನ ಅಗ್ಗದ ಅನೇಕಾಂತ. ಒಂದು ಸುಳ್ಳು ಎಂದು ಅವರು ಬಲ್ಲರು. ಯಾವುದು ಸುಳ್ಳೆಂದು ನಿರ್ಣಯಿಸುವ ಅಧಿಕಾರ ತಮಗಿಲ್ಲವೆಂದೂ ಬಲ್ಲರು. ತಮಗೆ ಪ್ರಿಯವಾದುದನ್ನು ಉಳಿಸಿ ಇನ್ನೊಂದನ್ನು ಬಿಟ್ಟುಬಿಡುವುದು ಅವರಿಗೆ ಪಾಪವಾಗಿ ತೋರಿತು. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ದಾಖಲಿಸದೆ ಬಿಡುವ ಸಂಪಾದಕನ ಕಾರ್ಯವನ್ನು ಈ ಮಾತಿನ ಬೆಳಕಿನಲ್ಲಿ ನೋಡಿದರೆ, ಅದು ವೈಧಾನಿಕ ದೋಷ ಮಾತ್ರವಲ್ಲ, ಶ್ರುತದ ವಿಷಯದಲ್ಲಿ ಮಾಡಿದ ಅಪಚಾರವೂ ಆಗುತ್ತದೆ.

ಇದಕ್ಕೆ ಅನುಗುಣವಾದ ಒಂದು ಆಧುನಿಕ ಪರಿಷ್ಕರಣವನ್ನು ಹೆಸರಿಸಬಹುದು. ಕುಂದಕುಂದರ ಪ್ರವಚನಸಾರದಲ್ಲಿ ಅಮೃತಚಂದ್ರರ ಟೀಕೆಯನ್ನು ಅನುಸರಿಸಿದರೆ 275 ಗಾಹೆಗಳು, ಜಯಸೇನರ ಟೀಕೆಯನ್ನು ಅನುಸರಿಸಿದರೆ 311. ಮೂವತ್ತಾರು ಗಾಹೆಗಳ ಈ ಅಂತರದಲ್ಲಿ ಸ್ತ್ರೀಮುಕ್ತಿಯ ಪ್ರಶ್ನೆಗೆ ಸಂಬಂಧಿಸಿದವೂ ಇರುವುದರಿಂದ ಇದು ಬರಿಯ ಲೆಕ್ಕದ ಮಾತಲ್ಲ. 1935ರಲ್ಲಿ ಈ ಗ್ರಂಥವನ್ನು ಪ್ರಕಟಿಸಿದ ಸದಲಗೆಯ ಆ. ನೇ. ಉಪಾಧ್ಯೆಯವರು ಅಮೃತಚಂದ್ರರ ಪಾಠದ ಕ್ರಮಸಂಖ್ಯೆಯನ್ನು ಕೆಡಿಸದೆ, ಅಧಿಕ ಗಾಹೆಗಳನ್ನು ಬೇರೆ ಗುರುತಿನೊಡನೆ ಕೊಟ್ಟರು. ತಮ್ಮ ವಿಚಾರವನ್ನು ಪ್ರಸ್ತಾವನೆಯಲ್ಲಿ ಮಂಡಿಸಿದರು. ಎರಡನ್ನೂ ಸಂಗ್ರಹಿಸುವುದು ಎಂದರೆ ಇದು.

6

ಅಭಿಪ್ರಾಯವು ಪಾಠವನ್ನು ಆಳತೊಡಗಿದರೆ ಏನಾಗುತ್ತದೆ ಎಂಬುದಕ್ಕೆ ಷಟ್ಖಂಡಾಗಮದ ‘ಸಂಜದ’ ಪದದ ವಿವಾದ ಮರೆಯಲಾಗದ ದೃಷ್ಟಾಂತ. ಜೀವಸ್ಥಾನದ ಸತ್ಪ್ರರೂಪಣೆಯ 93ನೆಯ ಸೂತ್ರ ಮನುಷ್ಯಿಣಿಯರಲ್ಲಿ ಯಾವ ಗುಣಸ್ಥಾನಗಳು ನಿಯಮದಿಂದ ಪರ್ಯಾಪ್ತಾವಸ್ಥೆಯಲ್ಲಿಯೇ ಇರುತ್ತವೆ ಎಂಬುದನ್ನು ಹೇಳುತ್ತದೆ. ಧವಲೆಯ ಮೊದಲ ಸಂಪುಟ 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಚ್ಚಾದಾಗ ಸಂಪಾದಕರ ಕೈಯಲ್ಲಿದ್ದ ಪ್ರತಿಗಳಲ್ಲಿ ಸಂಯತಾಸಂಯತವೆಂಬುದರ ಮುಂದೆ ಸಂಯತವನ್ನು ಸೂಚಿಸುವ ‘ಸಂಜದ’ ಪದ ಇರಲಿಲ್ಲ. ಸಂಪಾದಕರು ಸೂತ್ರಪಾಠದಲ್ಲಿ ಕೈಯಾಡಿಸಲಿಲ್ಲ. ಆದರೆ ಇಲ್ಲಿ ‘ಸಂಜದ’ ಪದ ಬಿಟ್ಟುಹೋಗಿರುವಂತೆ ತೋರುತ್ತದೆ ಎಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು.

ಇದರಿಂದ ಪಂಡಿತವರ್ಗದಲ್ಲಿ ದೀರ್ಘವಾದ ವಿವಾದ ಎದ್ದಿತು. ಸೂತ್ರವು ದ್ರವ್ಯಸ್ತ್ರೀಯನ್ನು ಕುರಿತದ್ದು, ಆದ್ದರಿಂದ ಅಲ್ಲಿ ಸಂಯತಪದ ಇರಲಾಗದು ಎಂದು ಒಂದು ಪಕ್ಷ. ಭಾವವೇದದ ಅಪೇಕ್ಷೆಯಿಂದ ಹೇಳಿದ ಸೂತ್ರವಾದ್ದರಿಂದ ಆ ಪದ ಇರಲೇಬೇಕು, ಇದರಿಂದ ದಿಗಂಬರ ಸಿದ್ಧಾಂತಕ್ಕೆ ಹಾನಿಯಿಲ್ಲ ಎಂದು ಇನ್ನೊಂದು ಪಕ್ಷ. ಎರಡೂ ಕಡೆ ವಿದ್ವತ್ತಿಗೆ ಕೊರತೆಯಿರಲಿಲ್ಲ. ಆದರೆ ಮೊದಲನೆಯ ಪಕ್ಷದ ವಾದಸರಣಿಯನ್ನು ಗಮನಿಸಬೇಕು: ಸಿದ್ಧಾಂತ ಹೀಗಿದೆ, ಆದ್ದರಿಂದ ಪಾಠ ಹೀಗಿರಬೇಕು. ಅಲ್ಲಿ ಸೂತ್ರದಿಂದ ಅಭಿಪ್ರಾಯವನ್ನು ತಿಳಿಯುವ ಬದಲು ಅಭಿಪ್ರಾಯದಿಂದ ಸೂತ್ರವನ್ನು ತಿಳಿಯುವ ಕ್ರಮ ಬಂತು.

ಪ್ರಶ್ನೆಯನ್ನು ತೀರಿಸಬಲ್ಲ ಸಾಧನಗಳು ಎರಡು ಇದ್ದವು. ಒಂದು, ಅದೇ ಸೂತ್ರದ ಮೇಲಿನ ವೀರಸೇನರ ಟೀಕೆ. ಈ ಆರ್ಷವಚನದಿಂದಲೇ ದ್ರವ್ಯಸ್ತ್ರೀಯರಿಗೆ ನಿರ್ವಾಣ ಸಿದ್ಧಿಸುವುದಲ್ಲವೇ ಎಂಬ ಶಂಕೆಯನ್ನು ಅವರು ಎತ್ತಿ, ವಸ್ತ್ರಸಹಿತರಿಗೆ ಸಂಯಮ ಉಂಟಾಗದೆಂದು ಸಮಾಧಾನ ಹೇಳುತ್ತಾರೆ. ಸೂತ್ರದಲ್ಲಿ ಸಂಯತಪದವೇ ಇಲ್ಲದಿದ್ದರೆ ಈ ಶಂಕೆ ಹುಟ್ಟುವುದಕ್ಕೆ ಎಡೆಯೇ ಇಲ್ಲ. ಹುಟ್ಟದ ಶಂಕೆಗೆ ಸಮಾಧಾನ ಬರೆಯುವ ಟೀಕಾಕಾರರು ವೀರಸೇನರಲ್ಲ. ಎರಡನೆಯದು ಮೂಡಬಿದಿರೆಯ ತಾಡವೋಲೆ. ಅದರೊಡನೆ ತಾಳೆನೋಡಿದಾಗ ‘ಸಂಜದ’ ಪದ ಅಲ್ಲಿ ಇರುವುದು ಕಂಡುಬಂತು.

ಇಲ್ಲಿ ‘ಬಹುಮತ’ ಶಬ್ದವನ್ನು ನೆನೆಯಬೇಕಾಗಿದೆ. ಸಂಸ್ಕೃತದಲ್ಲಿ ಬಹುಮತವೆಂದರೆ ಬಹಳವಾಗಿ ಮನ್ನಣೆ ಪಡೆದದ್ದು. ಇಂದಿನ ಕನ್ನಡದಲ್ಲಿ ಹೆಚ್ಚು ಜನರ ಮತ. ಮೊದಲನೆಯದು ತೂಕ, ಎರಡನೆಯದು ಎಣಿಕೆ. ಸಂಪಾದಕರ ಬಳಿ ಇದ್ದ ಕಾಗದದ ಪ್ರತಿಗಳೆಲ್ಲ ಆ ಪದವನ್ನು ಬಿಟ್ಟಿದ್ದವು. ಎಣಿಕೆಯಿಂದ ನೋಡಿದರೆ ಪದ ಇಲ್ಲವೆಂದೇ ತೀರ್ಪು. ಆದರೆ ಅವೆಲ್ಲವೂ ಮೂಡಬಿದಿರೆಯ ಮೂಲದಿಂದ ಪ್ರತಿಯಿಂದ ಪ್ರತಿಗೆ ಇಳಿದು ಬಂದವು. ಒಬ್ಬ ಲಿಪಿಕಾರನ ಕಣ್ಣು ‘ಸಂಜದಾಸಂಜದ’ ಎಂಬಲ್ಲಿಂದ ಮುಂದಿನ ‘ಸಂಜದ’ಕ್ಕೆ ಜಾರಿದರೆ, ಅವನ ಹಿಂದೆ ಬಂದ ಹತ್ತು ಪ್ರತಿಗಳೂ ಅದೇ ಮೌನವನ್ನು ಪುನರುಚ್ಚರಿಸುತ್ತವೆ. ಒಂದೇ ಅಕ್ಷರಸಮೂಹ ಹತ್ತಿರ ಹತ್ತಿರ ಬಂದಲ್ಲಿ ಇಂಥ ಗ್ರಂಥಪಾತ ಅತಿ ಸುಲಭ. ಹತ್ತು ಪ್ರತಿಗಳು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿಯ ಹತ್ತು ದನಿ. ಪಾಠನಿರ್ಣಯದಲ್ಲಿ ಬಹುಮತವೆಂಬುದಕ್ಕೆ ಹಳೆಯ ಅರ್ಥವೇ ಸಲ್ಲುವುದು, ಹೊಸದಲ್ಲ.

1939ರ ಸಂಪಾದಕರ ಊಹೆ ನಿಜವಾಯಿತು ಎಂಬುದಕ್ಕಿಂತ ಅದು ಯುಕ್ತಿಯಿಂದ ಹುಟ್ಟಿತ್ತು ಮತ್ತು ಅಡಿಟಿಪ್ಪಣಿಯಲ್ಲಿ ನಿಂತಿತ್ತು ಎಂಬುದು ಹೆಚ್ಚಿನ ಮಹತ್ತ್ವದ್ದು. ಯದೃಚ್ಛೆಯಿಂದಲ್ಲದೆ ಟೀಕೆಯ ಸಾಕ್ಷ್ಯದಿಂದ ಬಂದದ್ದರಿಂದ ಅದು ಮಾರ್ಗಶುದ್ಧ; ಸೂತ್ರದೊಳಗೆ ನುಗ್ಗದೆ ಹೊರಗೆ ಕಾದದ್ದರಿಂದ ಸ್ಥಾನಶುದ್ಧ. ಓಲೆಯಲ್ಲಿ ಆ ಪದ ಇಲ್ಲದಿದ್ದರೂ ಸೂತ್ರಕ್ಕೆ ಅವರಿಂದ ಯಾವ ಅಪಾಯವೂ ಆಗುತ್ತಿರಲಿಲ್ಲ.

7

ಕನ್ನಡದ ಒಂದು ಉದಾಹರಣೆಯನ್ನೂ ಪರಿಶೀಲಿಸಬಹುದು. ಕವಿರಾಜಮಾರ್ಗದ ಪರಿಚ್ಛೇದಾಂತ್ಯಗಳಲ್ಲಿ ಗ್ರಂಥವನ್ನು ‘ನೃಪತುಂಗದೇವಾನುಮತ’ವೆಂದು ಕರೆಯಲಾಗಿದೆ. 1898ರಲ್ಲಿ ಇದನ್ನು ಪ್ರಕಟಿಸಿದ ಕೆ. ಬಿ. ಪಾಠಕರು ನೃಪತುಂಗನನ್ನೇ ಗ್ರಂಥಕರ್ತನೆಂದು ಭಾವಿಸಿದರು. ಕರ್ತೃ ಶ್ರೀವಿಜಯನೆಂಬ ಪಕ್ಷ ಮುಂದೆ ಬಲಗೊಂಡಿತು. ಈ ಚರ್ಚೆಯಲ್ಲಿ ‘ಅನುಮತ’ ಎಂಬ ಒಂದು ಶಬ್ದದ ಮೇಲೆ ಬಿದ್ದ ಭಾರ ಸಾಮಾನ್ಯವಲ್ಲ. ಅದನ್ನು ‘ನೃಪತುಂಗನ ಮತವಾದ’ ಎಂದು ತಿಳಿದರೆ ಗ್ರಂಥದ ವಿಚಾರಗಳೆಲ್ಲ ಅರಸನವು. ‘ನೃಪತುಂಗನು ಸಮ್ಮತಿಸಿದ’ ಎಂದರೆ ವಿಚಾರಗಳು ಬೇರೊಬ್ಬನವು, ಅರಸನದು ಒಪ್ಪಿಗೆ.

ಈ ಶಬ್ದಕ್ಕೆ ಜೈನಶಾಸ್ತ್ರದಲ್ಲಿ ನಿಶ್ಚಿತವಾದ ಪಾರಿಭಾಷಿಕ ಸ್ಥಾನವಿದೆ ಎಂಬುದನ್ನು ಇಲ್ಲಿ ಗಮನಕ್ಕೆ ತರಬಯಸುತ್ತೇವೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವದ ಅಧಿಕರಣವನ್ನು ವಿಂಗಡಿಸುವಾಗ ಕೃತ, ಕಾರಿತ, ಅನುಮತ ಎಂದು ಮೂರು ಬಗೆಯನ್ನು ಹೇಳಿದೆ. ಸಂರಂಭಾದಿ ಮೂರು, ಯೋಗ ಮೂರು, ಕೃತಾದಿ ಮೂರು, ಕಷಾಯ ನಾಲ್ಕು ಇವುಗಳನ್ನು ಗುಣಿಸಿ 108 ಭೇದಗಳಾಗುವುದು ಶ್ರಾವಕರಿಗೂ ಪರಿಚಿತ. ತಾನೇ ಮಾಡಿದ್ದು ಕೃತ, ಮಾಡಿಸಿದ್ದು ಕಾರಿತ, ಮಾಡಿದ್ದನ್ನು ಒಪ್ಪಿದ್ದು ಅನುಮತ. ಜಿನಸೇನರನ್ನು ಗೌರವಿಸಿದ ಅಮೋಘವರ್ಷನ ಆಸ್ಥಾನದಲ್ಲಿ ಈ ತ್ರಿಕ ಅಪರಿಚಿತವಾಗಿದ್ದಿರಲಾರದು. ಆ ಜಿನಸೇನರು ಧವಲಾಕಾರ ವೀರಸೇನರ ಶಿಷ್ಯರು. ಶಕ 759ರಲ್ಲಿ, ಎಂದರೆ ಕ್ರಿ.ಶ. 837ರಲ್ಲಿ, ಜಯಧವಲೆಯನ್ನು ಪೂರ್ಣಗೊಳಿಸಿದವರು. ಅಂಥ ಪರಿಸರದಲ್ಲಿ ಗ್ರಂಥವನ್ನು ‘ಕೃತ’ವೆನ್ನದೆ ‘ಅನುಮತ’ವೆಂದರೆ, ಕೇಳಿದವರಿಗೆ ಕರ್ತೃ ಬೇರೆಯೆಂಬುದು ಧ್ವನಿಸಿಯೇ ಇರಬೇಕು.

ಪುಷ್ಪಿಕೆಯ ಶಬ್ದವನ್ನು ಎಲ್ಲೆಡೆಯೂ ಪಾರಿಭಾಷಿಕವಾಗಿಯೇ ಹಿಡಿಯಬೇಕೆಂಬ ನಿಯಮವಿಲ್ಲ. ಕವಿಗಳು ಶಬ್ದಗಳನ್ನು ಸಡಿಲವಾಗಿಯೂ ಬಳಸುತ್ತಾರೆ. ಆದ್ದರಿಂದ ಈ ಒಂದೇ ಸಾಕ್ಷ್ಯದಿಂದ ಕರ್ತೃತ್ವ ತೀರ್ಮಾನವಾಯಿತು ಎನ್ನುವಂತಿಲ್ಲ. ಶ್ರೀವಿಜಯಪಕ್ಷಕ್ಕೆ ಇರುವ ಇತರ ಆಧಾರಗಳೊಡನೆ ಇದನ್ನೂ ತೂಗಿ ನೋಡಬೇಕು ಎಂಬಷ್ಟೇ ವಿನಂತಿ. ಮತಕ್ಕೂ ಅನುಮತಕ್ಕೂ ಇರುವ ಅಂತರವನ್ನು ಅಲಕ್ಷಿಸಿದರೆ ಒಬ್ಬ ಕವಿಯ ಕೃತಿಯೇ ಅವನ ಕೈತಪ್ಪಿ ಹೋಗಬಹುದು ಎಂಬುದಂತೂ ಸ್ಪಷ್ಟ.

8

ಮೇಲಿನ ವಿವೇಚನೆಯಿಂದ ಸಿದ್ಧವಾಗುವ ಅಂಶಗಳನ್ನು ಸಂಗ್ರಹಿಸಬಹುದು. ಪ್ರಾಚೀನ ಟೀಕೆಗಳಲ್ಲಿ ಅಭಿಪ್ರಾಯವೆಂದರೆ ಮುಖ್ಯವಾಗಿ ಮೂಲಕಾರನ ವಿವಕ್ಷೆ. ನಯಲಕ್ಷಣದಲ್ಲಿ ಅದು ಪ್ರಮಾಣದಿಂದ ವಸ್ತುವನ್ನು ಅರಿತವನ ಯುಕ್ತಿಬದ್ಧವಾದ ಮುಖ್ಯೀಕರಣ, ಮನಬಂದ ನಿಲುವಲ್ಲ. ಪರಂಪರೆಯಿಂದ ಬಂದದ್ದು ಉಪದೇಶ. ಹೆಸರಿನೊಡನೆ ನಿಂತ ಸಿದ್ಧಾಂತ ಮತ. ಒಪ್ಪಿಗೆ ಮಾತ್ರವಾದದ್ದು ಅನುಮತ. ಸಂಪಾದಕನಿಂದ ಹುಟ್ಟಿದ್ದು ಊಹೆ.

ಭಾಷೆ ಬೆಳೆಯುತ್ತದೆ, ಅಭಿಪ್ರಾಯ ಶಬ್ದಕ್ಕೆ ಹೊಸ ಅರ್ಥ ಬಂದರೆ ತಡೆಯುವುದೇಕೆ ಎಂದು ಕೇಳಬಹುದು. ಲೋಕವ್ಯವಹಾರದಲ್ಲಿ ಅದನ್ನು ತಡೆಯುವ ಅಗತ್ಯವೂ ಇಲ್ಲ, ಸಾಧ್ಯವೂ ಇಲ್ಲ. ಆದರೆ ಶಾಸ್ತ್ರಗ್ರಂಥಗಳ ಪರಿಷ್ಕರಣದಲ್ಲಿ ನಾಲ್ಕು ಶಬ್ದಗಳನ್ನಾದರೂ ಬೇರೆಯಾಗಿ ಉಳಿಸಿಕೊಳ್ಳುವುದು ಕಷ್ಟವೇನಲ್ಲ. ಪ್ರತಿಯಲ್ಲಿ ಇರುವುದನ್ನು ‘ಪಾಠ’ವೆಂದೂ, ಗ್ರಂಥಕರ್ತನ ವಿವಕ್ಷೆಯನ್ನು ‘ಅಭಿಪ್ರಾಯ’ವೆಂದೂ, ಹೆಸರು ಹೇಳಬಹುದಾದ ವಿದ್ವಾಂಸರ ನಿರ್ಣಯವನ್ನು ‘ಮತ’ವೆಂದೂ, ತಾನು ಸೇರಿಸುವುದನ್ನು ‘ಊಹೆ’ಯೆಂದೂ ಸಂಪಾದಕನು ಬರೆಯಲಿ. ಊಹೆಯನ್ನು ಕಂಸದಲ್ಲಿಯೋ ಅಡಿಟಿಪ್ಪಣಿಯಲ್ಲಿಯೋ ಇರಿಸಿ ಅದಕ್ಕೆ ಕಾರಣವನ್ನು ಒಂದು ಸಾಲಿನಲ್ಲಿ ಹೇಳಲಿ. ಬಿಟ್ಟ ಪಾಠವನ್ನು ಬಿಟ್ಟೆನೆಂದು ದಾಖಲಿಸಲಿ.

ಮೂಡಬಿದಿರೆ, ಶ್ರವಣಬೆಳಗೊಳ, ಹುಂಚ, ಕಾರ್ಕಳ ಮೊದಲಾದ ಕಡೆಗಳ ಓಲೆಗಳು ಯಾರೋ ತಮ್ಮ ಕಣ್ಣಿಗೆ ಕಂಡದ್ದನ್ನು ಕಂಡಂತೆ ಬರೆದದ್ದರಿಂದ ನಮ್ಮವರೆಗೆ ಬಂದಿವೆ. ಅವರಲ್ಲಿ ಅನೇಕರಿಗೆ ತಾವು ಬರೆಯುತ್ತಿದ್ದ ಪ್ರಾಕೃತದ ಅರ್ಥ ಪೂರ್ಣವಾಗಿ ತಿಳಿದಿದ್ದಿರಲಿಕ್ಕಿಲ್ಲ. ತಿಳಿಯದ್ದನ್ನು ತಿದ್ದದೆ ಬಿಟ್ಟದ್ದೇ ಅವರು ಮಾಡಿದ ಮಹೋಪಕಾರ. ನಮಗೆ ಅವರಿಗಿಂತ ಹೆಚ್ಚು ತಿಳಿದಿರಬಹುದು. ಆದ್ದರಿಂದಲೇ ತಿದ್ದುವ ಆಸೆಯೂ ಹೆಚ್ಚು, ಹೊಣೆಯೂ ಹೆಚ್ಚು. ಈ ವಿಷಯವನ್ನು ವಿದ್ವಾಂಸರು ಪರಿಶೀಲಿಸಿ, ಇಲ್ಲಿ ಹೇಳಿದ್ದಕ್ಕೆ ಸಾಧಕವಾಗಿಯೋ ಬಾಧಕವಾಗಿಯೋ ಗ್ರಂಥಸಾಕ್ಷ್ಯವನ್ನು ಒದಗಿಸಿದರೆ ಚರ್ಚೆ ಮುಂದುವರಿಯಲು ಅನುಕೂಲವಾಗುವುದು.